ಅಡಿಯಲ್ಲಿ ನೀರು ಕಡಿಮೆಯಾದಾಗ

ಖಾದಿ ರಾಷ್ಟ್ರಧ್ವಜ ತಯಾರಿಸುವ ನಮ್ಮ ಬೆಂಗೇರಿಗೆ ಸಮುದ್ರ ದೂರದ ಮಾತು. ಹಡಗಿನಿಂದ ರಜೆಗೆ ಊರಿಗೆ ಬಂದಾಗ ಎಲ್ಲರೂ ಕೇಳುವುದು ಬಿರುಗಾಳಿಯ ಬಗ್ಗೆ. ನನಗೆ ಹೆಚ್ಚು ಅಂಜಿಕೆ ಬಂದರಿನ ಬಾಗಿಲದ್ದು. ಪಣಂಬೂರಿನ ನವಮಂಗಳೂರು ಬಂದರಿನಲ್ಲಿರುವಂತೆ ಹೂಳೆತ್ತಿ ಮಾಡಿದ ಕಾಲುವೆಗಳು ಕಲಿಸಿದ್ದು ಇಷ್ಟು.

1. ನಿಂತ ಹಡಗಿನ ಅಳತೆ ಓಡುವ ಹಡಗಿಗೆ ಸಲ್ಲದು. ತಳಕ್ಕೂ ನೆಲಕ್ಕೂ ನಡುವಿನ ಸಂದು ಕಿರಿದಾದಷ್ಟೂ ಅಲ್ಲಿ ನೀರು ಜೋರಾಗಿ ನುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಹಡಗು ಕೆಳಗೆ ಕೂರುತ್ತದೆ. ಇದೇ ಸ್ಕ್ವಾಟ್. ಅದಿರು ತುಂಬಿದ ಹಡಗಿಗೆ ನಮ್ಮ ಕಚ್ಚಾ ಲೆಕ್ಕ: ನಾಟ್ ವೇಗದ ವರ್ಗವನ್ನು 0.8ರಿಂದ ಗುಣಿಸಿ 100ರಿಂದ ಭಾಗಿಸಿ. ಇಕ್ಕಟ್ಟಿನ ಕಾಲುವೆಯಲ್ಲಿ ಅದರ ಇಮ್ಮಡಿ. ಅಂಥಲ್ಲಿ 10 ನಾಟ್‌ಗೆ 1.6 ಮೀಟರ್, 5 ನಾಟ್‌ಗೆ ಬರೀ 0.4. ಅಡಿಯಲ್ಲಿ ಒಂದೇ ಮೀಟರ್ ನೀರಿದ್ದರೆ ಮುಂದಿನದು ನೀವೇ ಊಹಿಸಿ. 1992ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ಕ್ವೀನ್ ಎಲಿಜಬೆತ್ 2 ಹಡಗು ನೆಲಕ್ಕೆ ತಗುಲಿದ್ದಕ್ಕೆ ನಕ್ಷೆಯ ತಪ್ಪು ಆಳ ಒಂದು ಕಾರಣ, ಸ್ಕ್ವಾಟ್ ಇನ್ನೊಂದು.

2. ನೆಲ ಹತ್ತಿರವಾದುದನ್ನು ಹಡಗೇ ಹೇಳುತ್ತದೆ. ಎಂಜಿನ್ ಅಷ್ಟೇ ತಿರುಗುತ್ತಿದ್ದರೂ ವೇಗ ಬೀಳುತ್ತದೆ, ಮೈ ನಡುಗುತ್ತದೆ, ಹಿಂದೆ ಕೆಸರು ನೀರು ಏಳುತ್ತದೆ, ಚುಕ್ಕಾಣಿ ತಿರುಗಿಸಿದರೂ ಮೂತಿ ತಡವಾಗಿ ಹೊರಳುತ್ತದೆ. ಬಿದ್ದ ವೇಗವನ್ನು ಸರಿದೂಗಿಸಲು ಎಂಜಿನ್ ಏರಿಸಬೇಕೆನ್ನಿಸುತ್ತದೆ. ಏರಿಸಬೇಡಿ, ಇಳಿಸಿ.

3. ದಂಡೆ ಹಿಂಬದಿಯನ್ನು ಎಳೆಯುತ್ತದೆ, ಮೂತಿಯನ್ನು ತಳ್ಳುತ್ತದೆ. ಹಡಗು ಎದುರು ದಂಡೆಗೆ ಓರೆಯಾಗಿ ನುಗ್ಗುತ್ತದೆ. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಬಿದ್ದಾಗ ಹಲವರು ಗಾಳಿಯನ್ನೇ ದೂರಿದರು. ದಂಡೆಯ ಈ ಆಟವನ್ನು ಮರೆತರೆ ಆ ಘಟನೆ ಅರ್ಥವಾಗದು.

4. ಪಕ್ಕದಲ್ಲಿ ಇನ್ನೊಂದು ಹಡಗು ಹಾದರೂ ಇದೇ ಗತಿ. ಹುಬ್ಬಳ್ಳಿ–ಧಾರವಾಡ ಬೈಪಾಸ್‌ನಲ್ಲಿ ಲಾರಿ ಹಾದಾಗ ಬೈಕನ್ನು ಅತ್ತ ಎಳೆದಂತಾಗುತ್ತದಲ್ಲ, ಹಾಗೆ.

5. ನಿಧಾನಕ್ಕೂ ಬೆಲೆಯಿದೆ. ವೇಗ ತೀರ ಇಳಿದರೆ ಚುಕ್ಕಾಣಿ ಕೇಳುವುದಿಲ್ಲ, ಅಡ್ಡಗಾಳಿ ಹಡಗನ್ನು ಸರಿಸುತ್ತದೆ. ಆಗ ಎಳೆದು ತಳ್ಳುವ ಟಗ್ ದೋಣಿ ಬೇಕೇ ಬೇಕು. ಖರ್ಚೆಂದು ಹಿಂಜರಿಯುವವರಿಗೆ ನನ್ನ ಒಪ್ಪಿಗೆಯಿಲ್ಲ.

ನೌಕಾ ತರಬೇತಿಗೆ ಹೊರಟ ನಮ್ಮ ಕಡೆಯ ಹುಡುಗರಿಗೆ ಒಂದು ಮಾತು: ಬಂದರಿನ ದಾರಿ ತೋರುವ ಪೈಲಟ್ ಹಡಗು ಹತ್ತಿದೊಡನೆ ಯಾವ ವೇಗಕ್ಕೆ ಅಡಿಯಲ್ಲಿ ಎಷ್ಟು ನೀರು ಉಳಿಯುತ್ತದೆಂದು ಬಾಯಿಬಿಟ್ಟು ಕೇಳಿ.