ಕಾಫಿ ಪಲ್ಪಿಂಗ್ ಘಟಕಗಳ ದುರ್ವಾಸನೆಗೆ ಜೈವಿಕ ಶೋಧಕ

ಜೇನು, ಏಲಕ್ಕಿ ಮತ್ತು ಕಾಫಿಗೆ ಹೆಸರಾದ ಕೊಡಗಿನ ಕಕ್ಕಬೆಯಂತಹ ಊರುಗಳಲ್ಲಿ ಕಾಫಿ ಕೊಯ್ಲಿನ ಹಿಂದೆಯೇ ಪಲ್ಪಿಂಗ್ ಕಾರ್ಯ ಆರಂಭವಾಗುತ್ತದೆ. ಹಣ್ಣಿನ ಸಿಪ್ಪೆ ಮತ್ತು ಲೋಳೆಯನ್ನು ತೊಳೆದ ನೀರಿನಲ್ಲಿ ಸಕ್ಕರೆ ಹಾಗೂ ಪೆಕ್ಟಿನ್ ಹೇರಳವಾಗಿರುತ್ತವೆ. ಈ ನೀರು ಆಮ್ಲಜನಕವಿಲ್ಲದೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಮತ್ತು ಕಮಟುವಾಸನೆಯ ಸಾವಯವ ಆಮ್ಲಗಳು ಹೊರಹೊಮ್ಮುತ್ತವೆ.

ಇಂತಹ ಅನಿಲಗಳನ್ನು ಇಂಧನವಾಗಲಿ ರಾಸಾಯನಿಕವಾಗಲಿ ಬಳಸದೆ ಶುದ್ಧೀಕರಿಸುವ ಸಾಧನವೇ ಜೈವಿಕ ಶೋಧಕ. ಮಣ್ಣಿನ ಪಾತಿಯ ಮೂಲಕ ದುರ್ವಾಸನೆಯ ಅನಿಲವನ್ನು ಹಾಯಿಸುವ ವಿಧಾನಕ್ಕೆ ಅಮೆರಿಕದ ರಿಚರ್ಡ್ ಪೊಮೆರಾಯ್ ಅವರು 1957ರಲ್ಲಿ ಪೇಟೆಂಟ್ ಪಡೆದಿದ್ದರು.

ಕಾರ್ಯವಿಧಾನ: ಮುಚ್ಚಿದ ತೊಟ್ಟಿಯಿಂದ ಫ್ಯಾನಿನ ಮೂಲಕ ಎಳೆದ ಗಾಳಿಯನ್ನು ತೇವಗೊಳಿಸಿ, ಕಾಂಪೋಸ್ಟ್, ಮರದ ಚಕ್ಕೆ ಅಥವಾ ತೆಂಗಿನ ನಾರು ತುಂಬಿದ ಪಾತಿಯ ತಳದಿಂದ ಮೇಲಕ್ಕೆ ಹಾಯಿಸಲಾಗುತ್ತದೆ. ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಸಾವಯವ ಅನಿಲಗಳನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನಾಗಿಯೂ, ಹೈಡ್ರೋಜನ್ ಸಲ್ಫೈಡನ್ನು ಗಂಧಕಾಮ್ಲವನ್ನಾಗಿಯೂ ಪರಿವರ್ತಿಸುತ್ತವೆ. ತೆರೆದ ಹೊಂಡದ ಅನಿಲವನ್ನು ಹಿಡಿಯುವುದು ಅಸಾಧ್ಯವಾದ್ದರಿಂದ ತೊಟ್ಟಿಗೆ ಮುಚ್ಚಿಗೆ ಅನಿವಾರ್ಯ.

ಗಾತ್ರ: ಅನಿಲವು ಪಾತಿಯಲ್ಲಿ ಸಾಮಾನ್ಯವಾಗಿ 30ರಿಂದ 60 ಸೆಕೆಂಡು ಇರಬೇಕು. ಗಂಟೆಗೆ 1,000 ಘನ ಮೀಟರ್ ಗಾಳಿಗೆ 45 ಸೆಕೆಂಡು ಎಂದಿಟ್ಟುಕೊಂಡರೆ 12.5 ಘನ ಮೀಟರ್ ಪಾತಿ ಬೇಕು. ಅಂದರೆ ಒಂದು ಮೀಟರ್ ಎತ್ತರಕ್ಕೆ 12.5 ಚದರ ಮೀಟರ್ ಸ್ಥಳ. ಇದಕ್ಕಿಂತ ಕಿರಿದಾಗಿಸಿದರೆ ವಾಸನೆ ಉಳಿಯುತ್ತದೆ.

ನಿರ್ವಹಣೆ: ಶೋಧಕವು ಯಂತ್ರವಲ್ಲ, ಜೀವಿಗಳ ನೆಲೆ. ಇದನ್ನು ಮರೆತಲ್ಲಿ ಹೂಡಿದ ಹಣ ವ್ಯರ್ಥ. ಪಾತಿಯ ತೇವಾಂಶ ಶೇ. 40ರಿಂದ 60ರಷ್ಟಿರಬೇಕು, ಒಣಗಿದರೆ ಬಿರುಕುಗಳಲ್ಲಿ ಅನಿಲ ನುಸುಳುತ್ತದೆ, ನೆನೆದು ತೊಯ್ದರೆ ಗಾಳಿಯೇ ಹಾಯದು. ಆದ್ದರಿಂದ ಕೊಡಗಿನ ಮಳೆಗೆ ಮೇಲ್ಛಾವಣಿ ಅಗತ್ಯ. ಆಮ್ಲ ಹೆಚ್ಚದಂತೆ ಸುಣ್ಣಕಲ್ಲಿನ ಪುಡಿ ಬೆರೆಸಬೇಕು. ಕೆಲವು ವರ್ಷಗಳಲ್ಲಿ ಪಾತಿಯ ವಸ್ತು ಕುಸಿಯುವುದರಿಂದ ಅದನ್ನು ಬದಲಿಸಬೇಕು. ಪಲ್ಪಿಂಗ್ ಋತುಮಾನದ ಕೆಲಸವಾದ್ದರಿಂದ ಬಿಡುವಿನ ತಿಂಗಳುಗಳಲ್ಲಿಯೂ ಪಾತಿಯನ್ನು ತೇವವಾಗಿಟ್ಟು ಗಾಳಿಯಾಡಿಸಬೇಕು. ಹಸಿದ ಜೀವಿಗಳು ಮತ್ತೆ ವೃದ್ಧಿಯಾಗಲು ಕಾಲ ಬೇಕಾಗುವುದರಿಂದ, ಋತುವಿನ ಆರಂಭದಲ್ಲಿ ಅನಿಲದ ಪ್ರಮಾಣವನ್ನು ಹಂತಹಂತವಾಗಿ ಏರಿಸುವುದು ಒಳಿತು.

ಎಚ್ಚರಿಕೆ: ಹೈಡ್ರೋಜನ್ ಸಲ್ಫೈಡ್ ಅಧಿಕವಾದಾಗ ಮೂಗಿನ ಗ್ರಹಣಶಕ್ತಿಯೇ ಕುಂದುತ್ತದೆ. ವಾಸನೆಯಿಲ್ಲವೆಂದು ಮುಚ್ಚಿದ ತೊಟ್ಟಿಗೆ ಕಾರ್ಮಿಕರನ್ನು ಇಳಿಸುವುದು ಪ್ರಾಣಾಪಾಯಕರ.

ಶೋಧಕವು ಗಾಳಿಯನ್ನಷ್ಟೇ ಶುದ್ಧಗೊಳಿಸುತ್ತದೆ. ನೀರಿನ ಸಂಸ್ಕರಣೆಗೆ ಅದು ಬದಲಿಯಲ್ಲ. ತೊಳೆಯುವ ನೀರನ್ನು ಮಿತಗೊಳಿಸಿ, ಸಿಪ್ಪೆಯನ್ನು ನೀರಿನೊಡನೆ ಹರಿಯಬಿಡದೆ ಬೇರ್ಪಡಿಸಿದರೆ, ಶುದ್ಧೀಕರಿಸಬೇಕಾದ ದುರ್ವಾಸನೆಯೂ ತಗಲುವ ವೆಚ್ಚವೂ ಮೊದಲೇ ತಗ್ಗುತ್ತವೆ.