ಸೈಕಲ್ಲಿನ ಹಿಂದಿನ ಗಾಲಿಯ ಹಬ್: ಬಿಚ್ಚಿ ಪರೀಕ್ಷಿಸುವ ಕ್ರಮ

ಸೈಕಲ್ಲನ್ನೇರಿದವನ ಭಾರದ ಹೆಚ್ಚಿನ ಪಾಲು ಬೀಳುವುದು ಹಿಂದಿನ ಗಾಲಿಯ ಮೇಲೆ. ಸರಪಳಿಯ ಸೆಳೆತವನ್ನು ತಾಳುವುದೂ ಅದೇ. ಆದರೂ ಆ ಗಾಲಿಯ ನಡುವಣ ಹಬ್ಬನ್ನು ಬಿಚ್ಚಿ ನೋಡುವ ವಾಡಿಕೆ ನಮ್ಮಲ್ಲಿ ವಿರಳ. ಕರಕರ ಸದ್ದು ಕೇಳಿದ ಮೇಲೆಯೇ ಅದರ ನೆನಪು.

ಮೊದಲು ರಿಮ್ಮನ್ನು ಹಿಡಿದು ಎಡಬಲಕ್ಕೆ ಅಲುಗಿಸಬೇಕು. ಅಲುಗಾಟ ಕಂಡರೆ ಕೋನ್ ಸಡಿಲಗೊಂಡಿರಬಹುದು, ಇಲ್ಲವೆ ಸವೆದಿರಬಹುದು; ಯಾವುದೆಂಬುದು ಒಳಗನ್ನು ಕಂಡಲ್ಲದೆ ತಿಳಿಯದು.

ಗಾಲಿಯನ್ನು ಕಳಚಿ ಹಳೆಯ ಬಟ್ಟೆಯ ಮೇಲಿರಿಸಿ, ಫ್ರೀವೀಲ್ ಇಲ್ಲದ ಎಡಮಗ್ಗುಲಿನ ಲಾಕ್‌ನಟ್, ವಾಷರ್, ಕೋನ್‌ಗಳನ್ನು ಕ್ರಮವಾಗಿ ತೆಗೆಯಬೇಕು. ಅನಂತರ ಅಚ್ಚನ್ನು ಬಲಕ್ಕೆ ಮೆಲ್ಲನೆ ಎಳೆಯಬೇಕು. ಅವಸರಪಟ್ಟರೆ ಗುಂಡುಗಳು ಅಂಗಳದ ಪಾಲು. ಸಾಮಾನ್ಯ ರೋಡ್‌ಸ್ಟರ್ ಸೈಕಲ್ಲಿನಲ್ಲಿ ಕಾಲು ಅಂಗುಲದ ಗುಂಡುಗಳು ಮಗ್ಗುಲಿಗೆ 9ರಂತೆ 18 ಇರುತ್ತವೆ. ಎಣಿಕೆ ಕಡಿಮೆಯಾದರೆ ಹಿಂದೆ ಯಾರೋ ಅರೆಮನಸ್ಸಿನಿಂದ ರಿಪೇರಿ ಮಾಡಿದ್ದಾರೆಂದೇ ತಿಳಿಯಬಹುದು.

ಎಲ್ಲವನ್ನೂ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು ಒರೆಸಿದ ಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಕೋನಿನ ಮೇಲೆ ಗುಂಡು ಉರುಳುವ ಜಾಡು ನುಣುಪಾಗಿ ಹೊಳೆಯುತ್ತಿದ್ದರೆ ಚಿಂತೆಯಿಲ್ಲ. ಬಾಲ್‌ಪೆನ್ನಿನ ತುದಿಯನ್ನು ಆ ಜಾಡಿನಲ್ಲಿ ಎಳೆದಾಗ ಎಲ್ಲಿಯಾದರೂ ತಡೆದರೆ ಅಲ್ಲಿ ಕುಳಿ ಬಿದ್ದಿದೆಯೆಂದರ್ಥ. ಈ ಕುಳಿಗಳು ಬಹುತೇಕ ಕೋನಿನ ಒಂದೇ ಮಗ್ಗುಲಲ್ಲಿ ಕಾಣುವುದು ವಿದ್ಯಾರ್ಥಿಗಳಿಗೆ ಸೋಜಿಗವೆನಿಸುತ್ತದೆ. ಕಾರಣ ಸರಳ: ಅಚ್ಚೂ ಕೋನೂ ತಿರುಗುವುದಿಲ್ಲ, ಆದ್ದರಿಂದ ಭಾರವನ್ನು ಹೊರುವುದು ಸದಾ ಕೋನಿನ ಕೆಳಭಾಗವೇ. ಹಬ್ಬಿನೊಳಗಿನ ಕಪ್ಪಾದರೋ ಗಾಲಿಯೊಡನೆ ತಿರುಗುತ್ತ ಆ ಭಾರವನ್ನು ಸುತ್ತಲೂ ಹಂಚಿಕೊಳ್ಳುತ್ತದೆ.

ಕುಳಿಬಿದ್ದ ಕೋನನ್ನು ಹಾಗೆಯೇ ಓಡಿಸಿದರೆ ಉದುರಿದ ಉಕ್ಕಿನ ಚೂರುಗಳು ಕಪ್ಪನ್ನೂ ಕೆಡಿಸುತ್ತವೆ. ಕೋನ್ ಅಲ್ಪ ಬೆಲೆಯ ವಸ್ತು. ಕಪ್ಪು ಕೆಟ್ಟು ಹಬ್ಬನ್ನೇ ಬದಲಿಸಬೇಕಾದರೆ 40 ಕಡ್ಡಿಗಳನ್ನು ಬಿಚ್ಚಿ ಮರಳಿ ಕಟ್ಟಬೇಕು. ದೂರದ ಹಳ್ಳಿಯಿಂದ ಸೈಕಲ್ ತುಳಿದು ಶಾಲೆಗೆ ಬರುವ ಹುಡುಗನಿಗೆ ಈ ಅಂತರ ಚಿಕ್ಕದಲ್ಲ.

ಗುಂಡುಗಳ ಹೊಳಪು ಮಾಸಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಲೇಸು. ಹಳೆಯವುಗಳೊಡನೆ ಒಂದೆರಡು ಹೊಸವನ್ನು ಬೆರೆಸಿದರೆ, ಸವೆಯದ ಹೊಸ ಗುಂಡುಗಳೇ ಹೆಚ್ಚಿನ ಭಾರ ಹೊತ್ತು ಬೇಗ ಒಡೆಯುತ್ತವೆ. ಅಚ್ಚನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಬೇಕು. ತೂರಾಡಿದರೆ ಅದು ಬಾಗಿದೆ. ಬಾಗಿದ್ದನ್ನು ಸುತ್ತಿಗೆಯಿಂದ ನೇರಮಾಡುವವರುಂಟು, ನಾನು ಅದನ್ನು ಒಪ್ಪುವುದಿಲ್ಲ.

ಮರಳಿ ಜೋಡಿಸುವಾಗ ಕಪ್ಪಿನಲ್ಲಿ ಗ್ರೀಸ್ ತುಂಬಿ ಗುಂಡುಗಳನ್ನು ಕೂಡಿಸಬೇಕು. ಲಾಕ್‌ನಟ್ಟನ್ನು ಬಿಗಿದೊಡನೆ ಕೋನಿನ ಹಿಡಿತವೂ ಕೊಂಚ ಬದಲಾಗುವುದರಿಂದ ಇನ್ನೊಮ್ಮೆ ನೋಡುವುದು ಅವಶ್ಯ. ಸರಪಳಿ ಹಾಕುವ ಮುನ್ನ ಗಾಲಿಯನ್ನೆತ್ತಿ ಹಿಡಿದು, ವಾಲ್ವನ್ನು ಪಕ್ಕಕ್ಕೆ ನಿಲ್ಲಿಸಿ ಬಿಟ್ಟರೆ, ತನ್ನ ತೂಕದಿಂದಲೇ ಅದು ಮೆಲ್ಲನೆ ಕೆಳಗಿಳಿಯಬೇಕು. ರಿಮ್ ಎಡಬಲಕ್ಕೆ ಅಲುಗಲೂ ಬಾರದು.