'ಮುತ್ತಿನ ಹಾರ': ಯುದ್ಧಕಥನದ ಶಕ್ತಿ ಮತ್ತು ಮಿತಿ

ಕನ್ನಡದಲ್ಲಿ ಯುದ್ಧವನ್ನೇ ವಸ್ತುವಾಗಿಸಿಕೊಂಡ ಚಲನಚಿತ್ರಗಳು ವಿರಳ. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' (1990) ಈ ದೃಷ್ಟಿಯಿಂದ ಗಮನಾರ್ಹವಾದುದು. ಅತ್ಯುತ್ತಮ ಕನ್ನಡ ಚಿತ್ರವೆಂದು ಅದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು.

ಕೊಡಗಿನ ಯೋಧ ಅಚ್ಚಪ್ಪ (ವಿಷ್ಣುವರ್ಧನ್) ಮತ್ತು ದಾದಿ ಅನ್ನಪೂರ್ಣೆಯರ (ಸುಹಾಸಿನಿ) ದಾಂಪತ್ಯದ ಮೂಲಕ ಚಿತ್ರವು ಎರಡನೆಯ ಮಹಾಯುದ್ಧದಿಂದ ಸ್ವಾತಂತ್ರ್ಯೋತ್ತರ ಯುದ್ಧಗಳವರೆಗಿನ ಕಾಲವನ್ನು ನಿರೂಪಿಸುತ್ತದೆ. ಯುದ್ಧದ ಲೆಕ್ಕವನ್ನು ಮಗನನ್ನು ಕಳೆದುಕೊಂಡ ಮನೆಯೊಳಗಿಂದ ಮಂಡಿಸುವುದೇ ಇದರ ನಿಜವಾದ ಶಕ್ತಿ. ಹಂಸಲೇಖ ಅವರ ಗೀತೆಗಳೂ ಈ ಕರುಣರಸವನ್ನೇ ಪೋಷಿಸುತ್ತವೆ.

ಚಿತ್ರದ ಮಿತಿಯೂ ಇಲ್ಲಿಂದಲೇ ಹುಟ್ಟುತ್ತದೆ. ಎಲ್ಲ ಯುದ್ಧಗಳೂ ಒಂದೇ ಕುಟುಂಬದ ವಿಧಿಯಾಗಿ ತೋರುವುದರಿಂದ ಅವುಗಳ ರಾಜಕೀಯ ಭಿನ್ನತೆ ಮಸುಕಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕನು ಹೋರಾಡಿದ್ದು ಬ್ರಿಟಿಷ್ ಸಾಮ್ರಾಜ್ಯದ ಸೇನೆಯಲ್ಲಿ; 1947ರ ನಂತರ ಅದೇ ಸೈನಿಕನು ಸ್ವತಂತ್ರ ರಾಷ್ಟ್ರದ ಕಾವಲುಗಾರ. ಈ ಎರಡು ನಿಷ್ಠೆಗಳ ನಡುವಣ ಬಿರುಕನ್ನು ಚಿತ್ರವು ಆಳವಾಗಿ ಶೋಧಿಸದೆ, ಎರಡನ್ನೂ ಶೌರ್ಯಪರಂಪರೆ ಎಂಬ ಒಂದೇ ದಾರದಲ್ಲಿ ಪೋಣಿಸಿಬಿಡುತ್ತದೆ.

ಆದಾಗ್ಯೂ ಆ ಶೌರ್ಯಕ್ಕೆ ಬೆಲೆ ತೆರುವವರಲ್ಲಿ ರಣರಂಗಕ್ಕೆ ಹೋಗದವರೂ ಇದ್ದಾರೆಂಬುದನ್ನು ಅನ್ನಪೂರ್ಣೆಯ ಪಾತ್ರದ ಮೂಲಕ ಮನಗಾಣಿಸಿರುವುದರಿಂದ, ಕನ್ನಡದ ಯುದ್ಧಕಥನಗಳ ಅಧ್ಯಯನಕ್ಕೆ ಈ ಚಿತ್ರವು ಇಂದಿಗೂ ಮುಖ್ಯವಾದ ಆಕರವಾಗಿದೆ.